ಟ್ಯಾಂಕಿನ ಹಿಂದೆ ಏನಿದೆ ಎಂದು ನೀವು ಕೇಳಲಿಲ್ಲ

‘ಬಯಲು ಇಂಗ್ಲಿಷ್’ ಅಭಿಯಾನದ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಬರುವ ಶುಕ್ರವಾರ ಸಾಯಂಕಾಲ ನಾಲ್ಕು ಗಂಟೆಗೆ ಎತ್ತಪ್ಪನದೊಡ್ಡಿ ಪ್ರಾಥಮಿಕ ಶಾಲೆಯ ಹಿತ್ತಲಿನಲ್ಲಿ ತಾವು ಏರ್ಪಡಿಸಿರುವ ಪ್ರಿಪೊಸಿಷನ್ ಮೇಳವನ್ನು ನಿಲ್ಲಿಸಿ. ಆ ಹಿತ್ತಲಿಗೆ ಚಿರತೆ ಬರುತ್ತದೆ. ಈ ಮಾತನ್ನು ನಿಮಗೆ ಫೋನಿನಲ್ಲಿ ಹೇಳಿದೆ, ಕಚೇರಿಗೆ ಬಂದು ಎದುರು ನಿಂತು ಹೇಳಿದೆ. ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಈಗ ನಿಮಗೊಬ್ಬರಿಗೇ ಅಲ್ಲದೆ ನಾಲ್ಕು ಜನಕ್ಕೂ ಕೇಳಿಸಲಿ ಎಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಪತ್ರ ಉದ್ದವಾಯಿತು ಎಂದು ಬೇಸರಿಸಬೇಡಿ. ನಿಮ್ಮ ಸುತ್ತೋಲೆಗಳನ್ನು ನಾವು ಓದಿಲ್ಲವೇ?

ನಾನು ಅಂಥ ದೊಡ್ಡ ವ್ಯಕ್ತಿಯೇನಲ್ಲ. ಹನೂರು ತಾಲ್ಲೂಕಿನಲ್ಲಿ ಶಾಗ್ಯ ದಾಟಿ ಕಾಡಿನ ಕಡೆ ಬಂದರೆ ನಮ್ಮ ಊರು. ಶಾಲೆಯ ಎದುರಿಗೇ ನನ್ನದೊಂದು ಹಿಟ್ಟಿನ ಮಿಲ್ಲು. ಕೊಳ್ಳೇಗಾಲದಲ್ಲಿ ಬಿ.ಎ. ಓದಿ ಬಂದವಳು ರಾಗಿ ಬೀಸುತ್ತಾಳಲ್ಲ ಎಂದು ಮೂಗು ಮುರಿಯುವವರು ಇದ್ದಾರೆ, ಅವರ ಮನೆಯ ರಾಗಿಯೂ ನನ್ನ ಮಿಲ್ಲಿಗೇ ಬರುತ್ತದೆ. ಊರಿನವರು ನನ್ನನ್ನು ಶಾಲಾ ಸಮಿತಿಯ ಅಧ್ಯಕ್ಷೆ ಮಾಡಿದ್ದಾರೆ. ನನ್ನ ಕಿರಿಮಗಳು ಅಲ್ಲೇ ನಾಲ್ಕನೇ ತರಗತಿ. ಇವಳು ಇಂಗ್ಲಿಷಿನ ವೈರಿ ಎಂದು ಯಾರೂ ತಿಳಿಯಬೇಡಿ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರಲಿ ಎಂದು ನಿಮಗಿಂತ ಹೆಚ್ಚು ಆಸೆ ಪಡುವವಳು ನಾನು. ಕಾಲೇಜಿನಲ್ಲಿ ಇಂಗ್ಲಿಷ್ ಪೀರಿಯಡ್ಡು ಬಂದರೆ ಕೊನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದೆ, ಆ ಗತಿ ನನ್ನ ಮಗಳಿಗೆ ಬರಬಾರದು.

ಆ ಆಸೆಗೆ ನೀರೆರೆದವರು ಸೌಮ್ಯ ಟೀಚರ್. ಅತಿಥಿ ಶಿಕ್ಷಕಿ. ಯಳಂದೂರು ಕಡೆ ಮಾಂಬಳ್ಳಿಯಿಂದ ಹೊರಟು, ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ, ಹನೂರಿನಲ್ಲಿ ಮತ್ತೆ ಬಸ್ಸು ಹಿಡಿದು ಬರುವ ಹುಡುಗಿ. ನನ್ನ ಮಿಲ್ಲಿನಿಂದ ರಾಗಿ ಅಳೆಯುವ ಒಂದು ಹಳೇ ಸೇರು ಕೇಳಿಕೊಂಡು ಹೋದರು. ಮೇಜಿನ ಮೇಲೆ ಆ ಸೇರು, ಕೈಯಲ್ಲೊಂದು ಹುಣಸೆಬೀಜ, ಅಷ್ಟೇ ಅವರ ಸಾಮಗ್ರಿ. ಬೀಜ ಸೇರಿನೊಳಗೆ ಬಿದ್ದರೆ ಇನ್. ಬೋರಲು ಹಾಕಿದ ಸೇರಿನ ಮೇಲೆ ಕೂತರೆ ಆನ್. ಅದರಡಿ ಬಚ್ಚಿಟ್ಟುಕೊಂಡರೆ ಅಂಡರ್. ಹಿಂದೆ ಜಾರಿದರೆ ಬಿಹೈಂಡ್. ಹದಿನೈದು ದಿನಕ್ಕೆ ನಮ್ಮ ಮನೆಯಲ್ಲಿ ಬೆಕ್ಕು ಕೂಡ ಅಂಡರ್ ದ ಕಾಟ್ ಮಲಗತೊಡಗಿತು. ಮಕ್ಕಳು ಕುಣಿದುಕೊಂಡು ಕಲಿಯುತ್ತಿದ್ದರು. ಇದಕ್ಕಿಂತ ಇನ್ನೇನು ಬೇಕಿತ್ತು ಸ್ವಾಮಿ ನಿಮಗೆ?

ಬೇಕಿತ್ತು. ನಿಮಗೆ ವಿಡಿಯೋ ಬೇಕಿತ್ತು. ಪ್ರಿಪೊಸಿಷನ್‌ಗಳನ್ನು ನಾಲ್ಕು ಗೋಡೆಗಳ ಮಧ್ಯೆ ಕಲಿಸುವುದು ಹಳೆಯ ಪದ್ಧತಿ, ಇನ್ನು ಮೇಲೆ ಮರ, ಪೊದೆ, ನೀರಿನ ಟ್ಯಾಂಕುಗಳ ನಡುವೆ, ಪ್ರಕೃತಿಯ ಮಡಿಲಿನಲ್ಲಿ ಕಲಿಸತಕ್ಕದ್ದು ಎಂದು ನಿಮ್ಮ ಆದೇಶ ಬಂತು. ಪ್ರಕೃತಿಯ ಮಡಿಲು! ನಮ್ಮ ಶಾಲೆಯ ಹಿಂದೆ ಆ ಮಡಿಲು ಹೇಗಿದೆ ಎಂದು ಬಂದು ನೋಡಿದಿರಾ? ಹೋದ ಹಲಸಿನ ಕಾಲದಲ್ಲಿ ಹಿತ್ತಲ ಹಲಸಿನ ಮರಕ್ಕೆ ಬಂದ ಆನೆ ಕಾಂಪೌಂಡ್ ಗೋಡೆಯನ್ನು ಒದ್ದು ಕೆಡವಿತು. ಗೋಡೆ ಕಟ್ಟಿಸಿಕೊಡಿ ಎಂದು ನಾವು ಕೊಟ್ಟ ಅರ್ಜಿಗಳು ಎಲ್ಲಿ ನಿದ್ದೆ ಹೋಗಿವೆಯೋ ಶಿವನೇ ಬಲ್ಲ. ಗೋಡೆ ಇದ್ದ ಕಡೆ ಊರಿನವರೇ ಮುಳ್ಳು ಕಡಿದು ಬೇಲಿ ಹಾಕಿದರು. ಬೇಲಿಯ ಆಚೆ ಲಂಟಾನ ಪೊದೆ ಆಳೆತ್ತರಕ್ಕೆ ಬೆಳೆದು, ಕಾಡಿನವರೆಗೂ ಒಂದೇ ಸಮ ಹಬ್ಬಿದೆ. ಬೇಲಿಯ ಈಚೆ ನೀರಿನ ಟ್ಯಾಂಕು, ಅದರ ಬುಡದಲ್ಲಿ ನಲ್ಲಿ.

ಊಟವಾದ ಮೇಲೆ ಮಕ್ಕಳು ತಟ್ಟೆ ತೊಳೆಯುವುದು ಆ ನಲ್ಲಿಯಲ್ಲೇ. ಗೋಡೆ ಬಿದ್ದ ಮೇಲೆ ಊರಿನಲ್ಲಿ ಒಂದು ರೂಢಿಯಾಗಿದೆ. ಟ್ಯಾಂಕಿನ ಕಡೆ ಹೋಗುವ ಮಗು ಒಂಟಿಯಾಗಿ ಹೋಗುವಂತಿಲ್ಲ, ತಟ್ಟೆ ಬಡಿಯದೆ ಹೋಗುವಂತಿಲ್ಲ. ತಟ್ಟೆಗೆ ಲೋಟದಿಂದ ಠಣಠಣ ಎಂದು ಬಡಿದುಕೊಂಡೇ ಸಾಲಾಗಿ ಹೋಗುತ್ತಾರೆ, ಬಡಿದುಕೊಂಡೇ ಬರುತ್ತಾರೆ. ಹೊಸಬರಿಗೆ ಇದು ಮಕ್ಕಳ ಚೇಷ್ಟೆ. ಅಡುಗೆಯ ದೊಡ್ಡಬಸಮ್ಮನವರು ಮಾತ್ರ ಸದ್ದು ಕೊಂಚ ಕಡಿಮೆಯಾದರೂ ಒಳಗಿನಿಂದಲೇ ಗದರುತ್ತಾರೆ: “ಯಾಕ್ರಲಾ, ಕೈ ಬಿದ್ದೋಗವಾ? ಬಡೀರಿ, ಇನ್ನೂ ಜೋರಾಗ್ ಬಡೀರಿ!”

ಸೌಮ್ಯ ಟೀಚರ್ ಮೊದಲ ವಿಡಿಯೋ ಮಾಡಿದ್ದು ಊಟದ ಹೊತ್ತಿನಲ್ಲಿ. ಹಿತ್ತಲ ತುಂಬ ಮಕ್ಕಳಿದ್ದರು, ತಟ್ಟೆಗಳ ಸದ್ದಿತ್ತು, ಯಾವ ಅಪಾಯವೂ ಇರಲಿಲ್ಲ. ನಿಮ್ಮ ಕಚೇರಿ ಅದನ್ನು ತಿರಸ್ಕರಿಸಿತು. ಕಾರಣ ಎರಡು. ಹಿನ್ನೆಲೆಯಲ್ಲಿ ಪಾತ್ರೆ ಬಡಿಯುವ ಸದ್ದು. ಒಬ್ಬ ಹುಡುಗ ಮಧ್ಯೆ ಕನ್ನಡದಲ್ಲಿ ‘ನೀರು ಬಿಡ್ಲಾ’ ಅಂದದ್ದು. ಸಂಪೂರ್ಣ ನಿಶ್ಶಬ್ದದಲ್ಲಿ ಚಿತ್ರೀಕರಿಸಿ, ಕನ್ನಡದ ಒಂದೇ ಒಂದು ಪದ ಕೇಳಿಸಿದರೂ ಪರಿಗಣಿಸುವುದಿಲ್ಲ, ವಾರದೊಳಗೆ ಕಳಿಸದಿದ್ದರೆ ಅತಿಥಿ ಶಿಕ್ಷಕರ ಮುಂದುವರಿಕೆಯ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು ಎಚ್ಚರಿಕೆ ಬೇರೆ. ನಮ್ಮ ಮಕ್ಕಳನ್ನು ಕಾಯುತ್ತಿದ್ದದ್ದು ಆ ಸದ್ದು ಮತ್ತು ಅವರ ಬಾಯಲ್ಲಿದ್ದ ಭಾಷೆ. ನೀವು ಎರಡನ್ನೂ ಒಟ್ಟಿಗೇ ನಿಲ್ಲಿಸಿದಿರಿ.

ಎರಡನೇ ವಿಡಿಯೋ ಆದದ್ದು ಸಾಯಂಕಾಲ, ಬೇರೆ ತರಗತಿಯವರೆಲ್ಲ ಮನೆಗೆ ಹೋದ ಮೇಲೆ. ನಾಲ್ಕನೇ ತರಗತಿಯ ಮಕ್ಕಳಷ್ಟೇ ಉಳಿದಿದ್ದರು. ಟ್ಯಾಂಕಿಗೆ ಎದುರಾಗಿ ಪವಿತ್ರ ಎಂಬ ಹುಡುಗಿ ನಿಂತಿದ್ದಳು. ಕಾಡಂಚಿನ ಪೋಡಿನಿಂದ, ಅಂದರೆ ಅವರ ಹಾಡಿಯಿಂದ, ಬರುವ ಸೋಲಿಗರ ಮಗು. ಸಣ್ಣಗಿದ್ದಾಳೆ, ಮಾತು ಕಡಿಮೆ, ಸೇರು ಮತ್ತು ಬೀಜದ ಆಟದಲ್ಲಿ ಎಲ್ಲರಿಗಿಂತ ಮುಂದೆ. ಇಲ್ಲಿ ಕಾಣುವುದರ ಬಗ್ಗೆ ನೀನಾಗಿಯೇ ಮೂರು ವಾಕ್ಯ ಹೇಳು ಎಂದು ಟೀಚರ್ ಇಂಗ್ಲಿಷಿನಲ್ಲಿ ಕೇಳಿದರು. ಆ ವಿಡಿಯೋವನ್ನು ನೀವೂ ನೋಡಿದ್ದೀರಿ. ನಾನು ಎಷ್ಟು ಸಲ ನೋಡಿದ್ದೇನೋ ನನಗೇ ಗೊತ್ತಿಲ್ಲ.

“ಇಟ್ ಈಸ್ ಬಿಹೈಂಡ್ ದ ಟ್ಯಾಂಕ್,” ಎನ್ನುತ್ತಾಳೆ ಪವಿತ್ರ.

“ವೆರಿ ಗುಡ್! ವಾಟ್ ಈಸ್ ಬಿಹೈಂಡ್ ದ ಟ್ಯಾಂಕ್?” ಎಂದು ಟೀಚರ್ ಕೇಳುತ್ತಾರೆ. ಅವರು ಫೋನು ಹಿಡಿದು ಮಕ್ಕಳ ಕಡೆ ಮುಖ ಮಾಡಿದ್ದಾರೆ, ಟ್ಯಾಂಕು ಅವರ ಬೆನ್ನಿಗಿದೆ.

ಮಗು ಟೀಚರನ್ನು ದಾಟಿ ಟ್ಯಾಂಕಿನ ಕಡೆಯೇ ನೋಡುತ್ತಿದೆ. ದನಿ ಏರಿಸದೆ, “ಇಟ್ ಈಸ್ ನಿಯರ್ ದ ಟ್ಯಾಂಕ್,” ಎನ್ನುತ್ತಾಳೆ. ಆಮೇಲೆ, “ಇಟ್ ಈಸ್ ಅಂಡರ್ ದ ಟ್ರೀ.” ಟೀಚರ್ ಮೂರಕ್ಕೂ ಗುಡ್ ಎನ್ನುತ್ತಾರೆ. ಹಲಸಿನ ಮರ ಟ್ಯಾಂಕಿಗಿಂತ ಮಕ್ಕಳಿಗೆ ಹತ್ತಿರ ಇದೆ ಎಂಬುದು ಊರಿನವರಿಗೆ ಗೊತ್ತು, ನಿಮಗೆ ಗೊತ್ತಿರಲಿಕ್ಕಿಲ್ಲ.

ಆಮೇಲೆ ಪವಿತ್ರ ಎರಡೂ ಕೈಗಳನ್ನು ಹಿಂದಕ್ಕೆ ಚಾಚಿ, ಬೆನ್ನು ತಿರುಗಿಸದೆ, ಹಿಂದೆ ನಿಂತ ಮಕ್ಕಳನ್ನು ಮೆಲ್ಲಗೆ ತಳ್ಳತೊಡಗುತ್ತಾಳೆ. “ಇನ್. ಇನ್. ಟೀಚರ್, ಇನ್.” ನನ್ನ ಮಗಳೂ ಆ ಗುಂಪಿನಲ್ಲಿದ್ದಾಳೆ, ಇದು ಆಟ ಎಂದುಕೊಂಡು ನಗುತ್ತಿದ್ದಾಳೆ. ಎಲ್ಲರೂ ಹಿಮ್ಮುಖವಾಗಿಯೇ ಕೋಣೆಯೊಳಗೆ ಹೋಗುತ್ತಾರೆ. ಪಾಠ ಚೆನ್ನಾಗಿ ಮುಗಿಯಿತು ಎಂದು ಟೀಚರ್ ನಗುತ್ತ ಹಿಂದೆಯೇ ಬರುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಿಮ್ಮ ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

ನಮಗೆ ಅಲ್ಲಿಗೆ ಮುಗಿಯಲಿಲ್ಲ. ಪವಿತ್ರ ಬಾಗಿಲು ದಬ್ಬಿ ಚಿಲಕ ಹಾಕಿದಳಂತೆ. ಯಾಕಮ್ಮ ಎಂದು ಟೀಚರ್ ಕೇಳುವಷ್ಟರಲ್ಲಿ ಅಡುಗೆಮನೆಯ ಮಗ್ಗುಲಲ್ಲಿ ನಾಯಿ ಒಂದೇ ಸಲ ಕುಂಯ್ ಎಂದಿತು. ದೊಡ್ಡಬಸಮ್ಮನವರು ಮಿಕ್ಕ ಅನ್ನ ಹಾಕಿ ಸಾಕಿದ್ದ ನಾಯಿ ಅದು. ಸೌಮ್ಯ ಟೀಚರ್ ಕೋಣೆಯೊಳಗಿನಿಂದಲೇ ನನಗೆ ಫೋನು ಮಾಡಿದರು. ಮಿಲ್ಲು ನಿಲ್ಲಿಸಿ, ಸಿಕ್ಕವರನ್ನೆಲ್ಲ ಕೂಗಿಕೊಂಡು, ದೊಣ್ಣೆ ಪಟಾಕಿ ಹಿಡಿದು ಓಡಿದೆವು. ನಲ್ಲಿಯ ಹತ್ತಿರ ರಕ್ತ ಇತ್ತು, ಬೇಲಿಯ ಮುಳ್ಳಿನಲ್ಲಿ ನಾಯಿಯ ಕೂದಲು ಸಿಕ್ಕಿಕೊಂಡಿತ್ತು. ನಾಯಿ ಇರಲಿಲ್ಲ.

ಕೋಣೆಯೊಳಗೆ ಪವಿತ್ರಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ. “ಯಾಕವ್ವ, ಚಿರ್ತೆ ಅಂತ ಒಂದ್ ಮಾತು ಕೂಗ್ಬಾರ್ದಾಗಿತ್ತಾ?”

ಅವಳು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. “ಅದು ಎದ್ರುಗಿದ್ದಾಗ ಎಸ್ರು ಏಳ್ಬಾರ್ದು ಅಂತ ನಮ್ಮವ್ವ ಏಳವ್ಳೆ. ಕೂಗ್ಬಾರ್ದು, ಓಡ್ಬಾರ್ದು. ಕನ್ನಡ ಮಾತಾಡ್ಬಾರ್ದು ಅಂತ ಟೀಚರ್ ಏಳವ್ರೆ. ಅದ್ಕೇ ಇಂಗ್ಲಿಸ್ನಲ್ಲಿ ಏಳ್ದೆ.”

ಅವರ ಮನೆಯಲ್ಲಿ ಅದು ಕಟ್ಟುನಿಟ್ಟು. ಪ್ರಾಣಿ ಎದುರಿಗಿರುವಾಗ ಹೆಸರೆತ್ತುವುದು ಕರೆದಂತೆ ಎಂದು ನಂಬುತ್ತಾರೆ. ಈ ಮಗು ಮನೆಯ ಮಾತನ್ನೂ ಮೀರಲಿಲ್ಲ, ಶಾಲೆಯ ಮಾತನ್ನೂ ಮೀರಲಿಲ್ಲ. ಒಂಬತ್ತು ವರ್ಷದ ಹುಡುಗಿಯ ಬಾಯಿಗೆ ಎರಡು ಕಡೆಯಿಂದ ಬೀಗ ಬಿದ್ದಿತ್ತು, ಉಳಿದದ್ದು ನಾಲ್ಕು ಪ್ರಿಪೊಸಿಷನ್ನು. ಅಷ್ಟನ್ನೇ ಇಟ್ಟುಕೊಂಡು ಅವಳು ನನ್ನ ಮಗಳನ್ನು ಉಳಿಸಿಕೊಟ್ಟಳು. ಅದನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ, ಆಮೇಲೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ.

ಸುದ್ದಿ ತಿಳಿದು ಅವಳ ತಾಯಿ ಬೆಳ್ಳಮ್ಮ ಬಂದಳು. ಸೌದೆ ಹೊರೆಯನ್ನು ಶಾಲೆಯ ಬಾಗಿಲಲ್ಲೇ ಎಸೆದು ನೇರ ಟೀಚರ ಮುಂದೆ ನಿಂತಳು. “ಏನ್ ಟೀಚರಮ್ಮ, ನಮ್ ಮಗೀನ್ ಬಾಯ್ ಕಟ್ಟಿ ಕಾಡ್ಗೆ ಎದ್ರಾಗ್ ನಿಲ್ಸಿದ್ರಾ? ನಾವೇ ಆ ಒತ್ನಲ್ಲಿ ಆ ಕಡೀಕ್ ಕಾಲಿಡಕ್ಕಿಲ್ಲ. ಓದ್ಸಿ ಅಂತ ಕಳ್ಸುದ್ರೆ ಇದಾ ನೀವು ಓದ್ಸೋದು?” ಸೌಮ್ಯ ಟೀಚರ್ ಗೋಡೆಗೆ ಒರಗಿ ಅಳುತ್ತಿದ್ದರು. ಬೆಳ್ಳಮ್ಮ ಬೈದಳು, ಇನ್ನಷ್ಟು ಬೈದಳು, ಕೊನೆಗೆ ತಾನೇ ಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಬೈಗುಳ ಸೇರಬೇಕಾದ ವಿಳಾಸ ಬೇರೆ ಎಂದು ಅವಳಿಗೂ ಗೊತ್ತಾಗಿತ್ತು.

ಆ ವಿಡಿಯೋವನ್ನು ಟೀಚರ್ ನಿಮಗೆ ಕಳಿಸಲೂ ಇಲ್ಲ. ಅವರು ಅದನ್ನು ಮರೆತೇ ಬಿಟ್ಟಿದ್ದರು. ಸಾಯಂಕಾಲ ಬಸ್ಸು ಕಾಮಗೆರೆ ಹತ್ತಿರ ಬಂದಾಗ ವಿಡಿಯೋ ಹೋಗುವಷ್ಟು ನೆಟ್‌ವರ್ಕ್ ಸಿಕ್ಕಿ, ಚಿತ್ರೀಕರಿಸಲು ನೀವೇ ಕೊಟ್ಟಿದ್ದ ಆ್ಯಪಿನಿಂದ ತಾನಾಗಿಯೇ ಹೋಗಿದೆ. ಎರಡು ದಿನದಲ್ಲಿ ಬಂತು ನಿಮ್ಮ ಮೆಚ್ಚುಗೆ. ಜಿಲ್ಲೆಯ ಅತ್ಯುತ್ತಮ ವಿಡಿಯೋ. ‘ಇನ್’ ಎಂಬುದನ್ನು ಅಭಿನಯದ ಮೂಲಕ ತೋರಿಸಿದ್ದು ಮಾದರಿ. ಒಂದೇ ಕೊರತೆ, ಮಗು ಕ್ಯಾಮೆರಾ ಕಡೆ ನೋಡುತ್ತಿಲ್ಲ, ಮುಂದಿನ ಸಲ ಸರಿಪಡಿಸಿಕೊಳ್ಳಿ. ಇದನ್ನು ಓದಿ ನಗಬೇಕೋ ತಲೆ ಮೇಲೆ ಕೈ ಹೊತ್ತು ಕೂರಬೇಕೋ ನನಗೆ ತಿಳಿಯಲಿಲ್ಲ. ಮಗು ಎಲ್ಲಿ ನೋಡುತ್ತಿದೆ ಎಂಬುದು ನಿಮಗೆ ಕಾಣಿಸಿತಲ್ಲ ಸ್ವಾಮಿ. ಅಲ್ಲಿ ಏನಿತ್ತು ಎಂದು ಕೇಳಬೇಕು ಅನ್ನಿಸಲೇ ಇಲ್ಲವೇ?

ನಾನು ನಿಮ್ಮ ಕಚೇರಿಗೆ ಬಂದ ದಿನ ನಿಮಗೆ ನೆನಪಿರಬಹುದು. ಹೊರಗಿನ ಕೋಣೆಯಲ್ಲಿ ಕೂರುವ ಶಿವನಂಜಯ್ಯನವರು ಒಳ್ಳೆಯವರು, ಟೀ ತರಿಸಿದರು. “ಮೇಡಂ, ಚಿರ್ತೆ ಅಂದ್ರೆ ಅದು ಅರಣ್ಯದವ್ರ ಸಬ್ಜೆಕ್ಟು. ನಮ್ದು ಬರೀ ಇಂಗ್ಲಿಷು,” ಅಂದರು. ಅರಣ್ಯದವರನ್ನು ನಾನು ಮೊದಲೇ ಕೇಳಿದ್ದೆ. ಬಂದು ಹೆಜ್ಜೆ ನೋಡಿದ ಸಿಬ್ಬಂದಿ ಹೌದು ಚಿರತೆಯೇ ಎಂದು ಒಪ್ಪಿಕೊಂಡು, “ನಾಯಿ ಓಗದಕ್ಕೆಲ್ಲ ಬೋನ್ ಇಡಕ್ಕಾಗಲ್ಲ ಕಣಕ್ಕ, ಇನ್ನೇನಾದ್ರೂ ಎತ್ಕೊಂಡೋದ್ರೆ ಫೋನ್ ಮಾಡಿ,” ಎಂದು ಹೋಗಿದ್ದರು. ಇನ್ನೇನಾದರೂ ಎಂದರೆ ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಒಳಗೆ ನೀವು ನನ್ನ ಮುಂದೆಯೇ ವಿಡಿಯೋ ಹಾಕಿಸಿದಿರಿ. “ಇದರಲ್ಲಿ ಚಿರತೆ ಎಲ್ಲಿದೆ, ಬೆರಳಿಟ್ಟು ತೋರಿಸಿ,” ಅಂದಿರಿ. ತೋರಿಸಲಾಗಲಿಲ್ಲ. ಕ್ಯಾಮೆರಾ ಇದ್ದದ್ದು ಮಕ್ಕಳ ಕಡೆಗೆ. “ನೋಡಿ ಮೇಡಂ, ಒಂದು ಮಗುವಾದರೂ ಕಿರುಚಿತಾ? ಓಡಿತಾ? ಚಿರತೆ ಇದ್ದಿದ್ದರೆ ಮಕ್ಕಳು ಹೀಗೆ ಸಮಾಧಾನವಾಗಿ ನಿಂತಿರುತ್ತಿದ್ದರಾ?” ಎಂದು ನಕ್ಕಿರಿ. ಮಕ್ಕಳು ಕಿರುಚಲಿಲ್ಲ, ಓಡಲಿಲ್ಲ, ಅದಕ್ಕೇ ಬದುಕಿದರು. ಅವರು ಬದುಕಿರುವುದನ್ನೇ ನೀವು ಚಿರತೆ ಇಲ್ಲ ಎಂಬುದಕ್ಕೆ ಸಾಕ್ಷಿ ಮಾಡಿಕೊಂಡಿರಿ. ಹಾಗಾದರೆ ಚಿರತೆ ಇದೆ ಎಂದು ನೀವು ನಂಬಲು ನಾವು ಯಾವ ಸಾಕ್ಷಿ ತಂದೊಪ್ಪಿಸಬೇಕಿತ್ತು?

ಈಗ ಮೇಳದ ವಿಷಯಕ್ಕೆ ಬರುತ್ತೇನೆ. ಅತ್ಯುತ್ತಮ ವಿಡಿಯೋ ಹುಟ್ಟಿದ ಜಾಗದಲ್ಲೇ ಸುತ್ತಮುತ್ತಲ ಶಾಲೆಗಳ ಮಕ್ಕಳನ್ನೆಲ್ಲ ಸೇರಿಸಿ ಪ್ರಾತ್ಯಕ್ಷಿಕೆ ಮಾಡಬೇಕು ಎಂಬುದು ತಮ್ಮ ಆಸೆ. ಕಾರ್ಯಕ್ರಮದ ಪಟ್ಟಿಯನ್ನು ಟೀಚರ್ ನನಗೆ ತೋರಿಸಿದರು. ಭಾಷಣವಿರಲಿ, ಹಾರವಿರಲಿ, ಅದೆಲ್ಲ ಇದ್ದದ್ದೇ. ಮುಖ್ಯ ಆಕರ್ಷಣೆ ಎಂದು ಬರೆದಿರುವುದು ಅಡಗುವ ಆಟ. ಪ್ರತಿ ಶಾಲೆಯಿಂದ ಒಂದೊಂದು ಮಗು ಹೋಗಿ ಟ್ಯಾಂಕಿನ ಹಿಂದೆ, ಪೊದೆಯ ಒಳಗೆ, ಎರಡು ಮರಗಳ ನಡುವೆ ಅವಿತುಕೊಳ್ಳಬೇಕು. ಉಳಿದವರು ಅದು ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ರೆಕಾರ್ಡಿಂಗ್ ಇರುವುದರಿಂದ ಅವಿತ ಮಗು ಹೆಸರು ಕರೆಯುವ ತನಕ ಸದ್ದು ಮಾಡುವಂತಿಲ್ಲ, ಹೊರಗೆ ಬರುವಂತಿಲ್ಲ. ಅಯ್ಯೋ ಪುಣ್ಯಾತ್ಮರೇ, ಇದನ್ನು ಬರೆಯುವಾಗ ನಿಮ್ಮ ಮನೆಯ ಮಕ್ಕಳು ಒಮ್ಮೆಯಾದರೂ ನೆನಪಾಗಲಿಲ್ಲವೇ?

ಮೊನ್ನೆ ಸೋಮವಾರ ನಿಮ್ಮ ಕಡೆಯ ಕೂಲಿಯಾಳುಗಳು ಬಂದರು. ಶಾಮಿಯಾನಕ್ಕೆ ಜಾಗ ಬೇಕು, ಫೋಟೋದಲ್ಲಿ ಮುಳ್ಳು ಚೆನ್ನಾಗಿ ಕಾಣುವುದಿಲ್ಲ ಎಂದು ನಾವು ಹಾಕಿದ್ದ ಬೇಲಿಯನ್ನು ಕಿತ್ತು ಒಂದು ಮೂಲೆಗೆ ಒಟ್ಟಿದರು. ನಾನು ಅಡ್ಡ ಹೋದೆ. “ನಮ್ಗೇನ್ ಗೊತ್ತಕ್ಕ, ಸಾಯೇಬ್ರು ಏಳವ್ರೆ, ಮಾಡ್ತಿದ್ದೀವಿ,” ಅಂದರು. ಅವರ ಮೇಲೆ ಕೂಗಾಡಿ ಏನು ಬಂತು? ನೆಲವನ್ನು ಚೆನ್ನಾಗಿ ಗುಡಿಸಿ, ನೀರು ಚಿಮುಕಿಸಿ, ಮಕ್ಕಳು ಅವಿತುಕೊಳ್ಳಬೇಕಾದ ಜಾಗಗಳಿಗೆ ಬಣ್ಣದ ಬಾವುಟ ನೆಟ್ಟು ಹೋದರು. ಲಂಟಾನದ ಬುಡದಲ್ಲಿ ನೆಟ್ಟದ್ದು ಕೆಂಪು ಬಾವುಟ.

ಇಂದು ಬೆಳಿಗ್ಗೆ ಅಡುಗೆಗೆ ನೀರು ಹಿಡಿಯಲು ಹೋದ ದೊಡ್ಡಬಸಮ್ಮನವರು ಬಿಂದಿಗೆ ಅಲ್ಲೇ ಬಿಟ್ಟು ನನ್ನ ಮಿಲ್ಲಿಗೆ ಬಂದರು. ಹೋಗಿ ನೋಡಿದೆ. ಗುಡಿಸಿದ ಮೆತ್ತಗಿನ ಮಣ್ಣಿನಲ್ಲಿ ಹೆಜ್ಜೆಗಳು ಅಚ್ಚೊತ್ತಿದಂತಿದ್ದವು. ನನ್ನ ಅಂಗೈಯಗಲದ ಹೆಜ್ಜೆ. ಅದರ ಅಕ್ಕಪಕ್ಕ, ಹಿಂದೆ ಮುಂದೆ, ಓಡಾಡಿ ಆಡಿದ ಪುಟ್ಟ ಪುಟ್ಟ ಹೆಜ್ಜೆಗಳು. ಮರಿ ಹಾಕಿದೆ. ಎಲ್ಲ ಹೆಜ್ಜೆಗಳೂ ಕೆಂಪು ಬಾವುಟದ ಪಕ್ಕದಲ್ಲೇ ಹಾದು ಪೊದೆಯೊಳಗೆ ಹೋಗಿವೆ, ಒಂದೂ ಹೊರಗೆ ಬಂದಿಲ್ಲ.

ಫೋಟೋ ತೆಗೆದು ನಿಮಗೆ ಕಳಿಸಿದೆ. ನೋಡಿದ್ದೀರಿ ಎಂದು ಫೋನು ತೋರಿಸುತ್ತಿದೆ. ಉತ್ತರ ಬಂದಿಲ್ಲ. ಈ ಪತ್ರದಲ್ಲಿ ಅವರ ಹೆಸರು ಬೇಡವೆಂದರೆ ಹಾಕುವುದಿಲ್ಲ ಎಂದು ಸೌಮ್ಯ ಟೀಚರಿಗೆ ಹೇಳಿದೆ. ಆ ಹುಡುಗಿ ಹೆಜ್ಜೆಗಳ ಮುಂದೆ ಕೂತಿದ್ದವಳು ತಲೆ ಎತ್ತಿ, “ಹಾಕಿ ಅಕ್ಕ. ಕೆಲ್ಸ ಹೋದ್ರೆ ಹೋಗ್ಲಿ, ಮಾಂಬಳ್ಳಿಲಿ ಟ್ಯೂಷನ್ ಮಾಡ್ಕೊಂಡ್ ಬದುಕ್ತೀನಿ. ಮಕ್ಕಳನ್ನ ಮಾತ್ರ ಅಲ್ಲಿ ನಿಲ್ಸಲ್ಲ,” ಅಂದರು. ಹಾಕಿದ್ದೇನೆ. ಅವರ ಕೂದಲು ಕೊಂಕಿದರೆ ಇಡೀ ಊರು ನಿಮ್ಮ ಕಚೇರಿಯ ಮುಂದೆ ಬಂದು ಕೂರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ನಮ್ಮ ಬೇಡಿಕೆ ಇಷ್ಟೇ. ಶುಕ್ರವಾರದ ಮೇಳ ರದ್ದಾಗಬೇಕು. ಬೇಲಿ ಇವತ್ತೇ ಮತ್ತೆ ನಿಲ್ಲಬೇಕು, ಗೋಡೆ ಈ ಬೇಸಿಗೆಯೊಳಗೆ ಏಳಬೇಕು. ಪ್ರಿಪೊಸಿಷನ್ನನ್ನು ಟೀಚರ್ ಅವರಿಗೆ ಸರಿಕಂಡ ಕಡೆ, ಸರಿಕಂಡ ಭಾಷೆಯ ಸಹಾಯದಿಂದ ಕಲಿಸಲು ಬಿಡಬೇಕು.

ನಮ್ಮೂರಿನ ಮಕ್ಕಳು ಶುಕ್ರವಾರ ಶಾಲೆಗೆ ಬರುವುದಿಲ್ಲ. ಬೆಳ್ಳಮ್ಮ ಪೋಡಿನ ಮಕ್ಕಳನ್ನೂ ಕಳಿಸುವುದಿಲ್ಲ. ನನ್ನ ಹೆದರಿಕೆ ಈಗ ಅವರ ಬಗ್ಗೆ ಅಲ್ಲ. ಬೇರೆ ಊರುಗಳಿಂದ ಹೊಸ ಸಮವಸ್ತ್ರ ಹಾಕಿಕೊಂಡು ವ್ಯಾನಿನಲ್ಲಿ ಬಂದಿಳಿಯುವ ಮಕ್ಕಳಿಗೆ ಆ ಹಿತ್ತಲು ಏನೆಂದು ಯಾರು ಹೇಳಿದ್ದಾರೆ? ಅವರ ತಂದೆತಾಯಿಯರೇ, ಈ ಪತ್ರ ನಿಮ್ಮ ಕೈಗೆ ಸಿಕ್ಕಿದರೆ ದಯವಿಟ್ಟು ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಬಹುಮಾನ ಸಿಗದಿದ್ದರೆ ಸಿಗದೇ ಹೋಗಲಿ.

ಮಾನ್ಯರೇ, ಇಷ್ಟಾದರೂ ನೀವು ಮೇಳ ನಡೆಸಿಯೇ ತೀರುತ್ತೀರಿ ಎಂದಾದರೆ ಒಂದೇ ಪ್ರಶ್ನೆ ಉಳಿಯುತ್ತದೆ. ಆಟ ಮುಗಿದು, ಅವಿತವರ ಹೆಸರುಗಳನ್ನು ನೀವು ಒಂದೊಂದಾಗಿ ಕರೆಯುತ್ತೀರಿ. ಒಂದು ಹೆಸರಿಗೆ ಯಾರೂ ಓಗೊಡುವುದಿಲ್ಲ. ಶಾಮಿಯಾನದ ಕೊನೆಯಲ್ಲಿ ಕೂತಿರುವ ಅದರ ತಾಯಿ ಎದ್ದು ಬಂದು, ನನ್ನ ಮಗು ಎಲ್ಲಿ ಎಂದು ನಿಮ್ಮನ್ನು ಕನ್ನಡದಲ್ಲಿ ಕೇಳುತ್ತಾಳೆ. ಆಗ ಅವಳಿಗೆ ಏನೆಂದು ಹೇಳುತ್ತೀರಿ?

ಇಂತಿ,
ತಾವು ನನ್ನನ್ನು ಒಂದು ಮಾತೂ ಕೇಳದೆ ಆಮಂತ್ರಣ ಪತ್ರಿಕೆಯಲ್ಲಿ ‘ಸ್ವಾಗತ ಕೋರುವವರು’ ಎಂದು ಹೆಸರು ಅಚ್ಚು ಹಾಕಿಸಿರುವ, ಆದರೆ ಶುಕ್ರವಾರ ಯಾರನ್ನೂ ಸ್ವಾಗತಿಸದೆ ಶಾಲೆಯ ಗೇಟಿಗೆ ಅಡ್ಡ ನಿಲ್ಲಲಿರುವ
ಯಶೋದ
ಹಿಟ್ಟಿನ ಮಿಲ್ಲು, ಎತ್ತಪ್ಪನದೊಡ್ಡಿ